ಕಾಂಟೊರೆಕ್ ಮೇಷ್ಟ್ರ ಪಾಠ, ಹೈಯೆಯ ಜೋಳವಾಳಿ

ಮೊದಲ ಮಹಾಯುದ್ಧಕ್ಕೆ ಕಾರಣವೇನು? ಹೈಸ್ಕೂಲು ಪರೀಕ್ಷೆಯಲ್ಲಿ ಇದಕ್ಕೆ ಒಂದು ಸಿದ್ಧ ಉತ್ತರ ಇದೆ. 1914ರ ಜೂನ್ 28ರಂದು ಸರಾಯೆವೊ ಪಟ್ಟಣದಲ್ಲಿ ಆಸ್ಟ್ರಿಯಾದ ಯುವರಾಜನನ್ನೂ ಅವನ ಹೆಂಡತಿಯನ್ನೂ ಬೋಸ್ನಿಯಾದ ಸರ್ಬ್ ಹುಡುಗನೊಬ್ಬ ಗುಂಡಿಟ್ಟು ಕೊಂದ. ಜುಲೈ 28ಕ್ಕೆ ಆಸ್ಟ್ರಿಯಾ ಸರ್ಬಿಯಾದ ಮೇಲೆ ಯುದ್ಧ ಸಾರಿತು. ಆಗಸ್ಟ್ 1ಕ್ಕೆ ಜರ್ಮನಿ ರಷ್ಯಾದ ಮೇಲೆ, 3ಕ್ಕೆ ಫ್ರಾನ್ಸಿನ ಮೇಲೆ. 4ಕ್ಕೆ ಜರ್ಮನ್ ಸೈನ್ಯ ಬೆಲ್ಜಿಯಂ ಒಳಕ್ಕೆ ನುಗ್ಗಿತು, ಬ್ರಿಟನ್ ಕಣಕ್ಕಿಳಿಯಿತು. ಇಷ್ಟು ಬರೆದರೆ ಪೂರ್ತಿ ಅಂಕ. ಹಟ್ಟಿಗೆ ಬೆಂಕಿ ಬಿದ್ದದ್ದು ಯಾಕೆ ಅಂತ ಕೇಳಿದರೆ, ಯಾರೋ ಬೆಂಕಿಕಡ್ಡಿ ಗೀರಿದ್ದರಿಂದ ಅಂತ ಪೊಲೀಸಿನವನು ಪಂಚನಾಮೆ ಬರೆದ ಹಾಗಿದೆ ಇದು. ಕಡ್ಡಿ ಗೀರಿದ್ದು ಸುಳ್ಳಲ್ಲ. ಆದರೆ ಗುಡಿಸಲುಗಳ ಸುತ್ತ ಸೀಮೆಎಣ್ಣೆ ಸುರಿದವರು ಯಾರು, ಬೆಂಕಿ ಬಿದ್ದ ಮೇಲೆ ಆ ಜಾಗ ಯಾರಿಗೆ ಬೇಕಾಗಿತ್ತು ಅನ್ನುವುದು ಪಂಚನಾಮೆಯಲ್ಲಿ ಇರುವುದಿಲ್ಲ.

ಈ ಪ್ರಶ್ನೆಯನ್ನು ಒಂದು ಕಾದಂಬರಿ ಮುಂದಿಟ್ಟುಕೊಂಡು ಕೇಳಬೇಕು ಅಂತ ಹೊರಟಿದ್ದೇನೆ. ಜರ್ಮನ್ ಲೇಖಕ ಎರಿಖ್ ಮರಿಯಾ ರೆಮಾರ್ಕ್ 1929ರಲ್ಲಿ ಪ್ರಕಟಿಸಿದ ‘ಪಶ್ಚಿಮದಲ್ಲಿ ಹೊಸದೇನೂ ಇಲ್ಲ’ ಆ ಕಾದಂಬರಿ. ಇಂಗ್ಲಿಷಿನಲ್ಲಿ ಅದು ‘ಆಲ್ ಕ್ವೈಟ್ ಆನ್ ದಿ ವೆಸ್ಟರ್ನ್ ಫ್ರಂಟ್’ ಅಂತಲೇ ಪ್ರಸಿದ್ಧ. 2022ರಲ್ಲಿ ಇದರ ಮೇಲೆ ಜರ್ಮನ್ ಸಿನಿಮಾ ಬಂತು, ಆಸ್ಕರ್ ಸಿಕ್ಕಿತು, ನಮ್ಮ ಹುಡುಗರು ಮೊಬೈಲಿನಲ್ಲೇ ನೋಡಿದರು. ನೋಡಿದವರಿಗೆ ಒಂದು ಮಾತು: ಕಥಾನಾಯಕ ಪಾಲ್ ರಜೆಯ ಮೇಲೆ ಊರಿಗೆ ಬರುವ ಭಾಗವನ್ನೇ ಆ ಸಿನಿಮಾದವರು ಕಿತ್ತು ಹಾಕಿದ್ದಾರೆ. ಕಾದಂಬರಿಯ ಗಂಟು ಇರುವುದು ಅಲ್ಲಿಯೇ. ಹಾಗಾಗಿ ಸಿನಿಮಾ ನೋಡಿ ಪುಸ್ತಕ ಓದಿದೆವು ಅಂದುಕೊಳ್ಳಬೇಡಿ.

ರೆಮಾರ್ಕ್ ಯಾರು? ಓಸ್ನಾಬ್ರುಕ್ ಅನ್ನುವ ಊರಿನ ಬುಕ್ ಬೈಂಡಿಂಗ್ ಕೆಲಸಗಾರನ ಮಗ. ಪ್ರಾಥಮಿಕ ಶಾಲೆ ಮೇಷ್ಟ್ರಾಗಲು ತರಬೇತಿ ಪಡೆಯುತ್ತಿದ್ದಾಗ, 1916ರ ನವೆಂಬರಿನಲ್ಲಿ, ಹದಿನೆಂಟನೆಯ ವಯಸ್ಸಿಗೆ ಸೈನ್ಯಕ್ಕೆ ಎಳೆದುಕೊಂಡರು. 1917ರ ಜೂನಿನಲ್ಲಿ ರಣರಂಗಕ್ಕೆ ಹೋದ, ಜುಲೈ 31ಕ್ಕೆ ಸಿಡಿಗುಂಡಿನ ಚೂರು ಬಡಿದು ಬಿದ್ದ, ಮಿಕ್ಕ ಯುದ್ಧವೆಲ್ಲ ಆಸ್ಪತ್ರೆಯಲ್ಲಿ. ಯುದ್ಧ ಮುಗಿದ ಮೇಲೆ ಹಳ್ಳಿ ಶಾಲೆಗಳಲ್ಲಿ ಸ್ವಲ್ಪ ಕಾಲ ಮೇಷ್ಟ್ರಾಗಿದ್ದ, ಆಮೇಲೆ ಬಿಟ್ಟ. ಅಂದರೆ ನಮ್ಮ ಓದುಗ ಮೇಷ್ಟ್ರುಗಳ ಹಾಗೆಯೇ, ಸೀಮೆಸುಣ್ಣದ ಪುಡಿ ಕೈಗೆ ಅಂಟಿಸಿಕೊಂಡವನು. ಅವನು ಯುದ್ಧದ ಬಗ್ಗೆ ಬರೆಯಲು ಕೂತಾಗ ಮೊದಲು ಕಟಕಟೆಯಲ್ಲಿ ನಿಲ್ಲಿಸಿದ್ದು ಕೈಸರನನ್ನಲ್ಲ, ಸೇನಾಪತಿಯನ್ನಲ್ಲ, ಒಬ್ಬ ಮೇಷ್ಟ್ರನ್ನು.

ಆ ಮೇಷ್ಟ್ರ ಹೆಸರು ಕಾಂಟೊರೆಕ್. ಕುಳ್ಳಗೆ, ಬಿಗಿಯಾಗಿ, ತುಂಬಾ ಶಿಸ್ತಿನ ಮನುಷ್ಯ. ವ್ಯಾಯಾಮದ ಪೀರಿಯಡ್ಡಿನಲ್ಲಿ ಹುಡುಗರನ್ನು ನಿಲ್ಲಿಸಿಕೊಂಡು ಪಿತೃಭೂಮಿ, ಕರ್ತವ್ಯ, ತ್ಯಾಗ ಅಂತ ಉದ್ದುದ್ದ ಭಾಷಣ ಬಿಗಿಯುತ್ತಾನೆ. ಕೊನೆಗೆ ಇಡೀ ಕ್ಲಾಸನ್ನು ಸಾಲುಗಟ್ಟಿಸಿ ಸೈನ್ಯ ಭರ್ತಿ ಕಚೇರಿಗೆ ನಡೆಸಿಕೊಂಡು ಹೋಗುತ್ತಾನೆ. ಬೇಮ್ ಅನ್ನುವ ಒಬ್ಬ ದಪ್ಪ, ಸಾಧು ಹುಡುಗ ಮಾತ್ರ ಹಿಂದೆಮುಂದೆ ನೋಡುತ್ತಾನೆ. ಆದರೆ ಹೋಗದಿದ್ದರೆ ಊರಲ್ಲಿ ತಲೆಯೆತ್ತುವ ಹಾಗಿಲ್ಲ. ಹೇಡಿ ಅನ್ನುವ ಮಾತು ಹೆತ್ತವರ ಬಾಯಲ್ಲೇ ತಯಾರಾಗಿ ಕೂತಿರುತ್ತದೆ. ಅವನೂ ಹೋಗುತ್ತಾನೆ. ಮೊದಮೊದಲು ಸಾಯುವವರಲ್ಲಿ ಅವನೂ ಒಬ್ಬ. ಕಣ್ಣಿಗೆ ಗುಂಡು ಬಿದ್ದು, ಸತ್ತನೆಂದು ಎಲ್ಲರೂ ಬಿಟ್ಟು ಬಂದ ಮೇಲೆ, ಎರಡು ಸೈನ್ಯಗಳ ನಡುವಿನ ಬಯಲಲ್ಲಿ ಕುರುಡನಾಗಿ ತೆವಳುತ್ತಿರುವಾಗ ಮತ್ತೆ ಗುಂಡು ಹೊಡೆಸಿಕೊಂಡು ಸಾಯುತ್ತಾನೆ. ಆಮೇಲೆ ಕಾಂಟೊರೆಕ್ ರಣರಂಗಕ್ಕೆ ಪತ್ರ ಬರೆಯುತ್ತಾನೆ. ಉಳಿದ ಹುಡುಗರನ್ನು ಕಬ್ಬಿಣದಂಥ ಹುಡುಗರು ಅಂತ ಹೊಗಳುತ್ತಾನೆ. ಬೇಮ್ ಕಬ್ಬಿಣ ಆಗಿರಲಿಲ್ಲ, ಮಾಂಸ ಆಗಿದ್ದ.

ಈ ಭಾಗದಲ್ಲಿ ಪಾಲ್ ಒಂದು ಮಾತು ಹೇಳಿ ಮುಂದೆ ಹೋಗುತ್ತಾನೆ. ಯುದ್ಧ ಅಂದರೆ ದುರ್ಗತಿ ಅಂತ ಮೊದಲೇ ಅರ್ಥ ಮಾಡಿಕೊಂಡವರು ಬಡವರು, ಓದು ಬರಹ ಹೆಚ್ಚಿಲ್ಲದವರು. ಕುಣಿದಾಡಿದವರು ಅನುಕೂಲಸ್ಥರು, ಅಂತ. ಕಾದಂಬರಿಯ ಬಗ್ಗೆ ಬರೆಯುವ ವಿಮರ್ಶಕರು ಹೆಚ್ಚಾಗಿ ಹಿಡಿಯುವುದು ‘ಕಳೆದುಹೋದ ತಲೆಮಾರು’, ‘ಯೌವನದ ದುರಂತ’ ಅನ್ನುವ ಮಾತುಗಳನ್ನು. ನನಗೆ ಈ ಚಿಕ್ಕ ಮಾತೇ ದೊಡ್ಡದಾಗಿ ಕಾಣುತ್ತದೆ. ನಮ್ಮ ಮನೆಯಲ್ಲಿ ಡಿಗ್ರಿ ಓದಿದ ಮೊದಲನೆಯವನು ನಾನು. ಓದಿದರೆ ಕಣ್ಣು ಬರುತ್ತದೆ ಅಂತ ನಂಬಿಸಿ ನನ್ನನ್ನು ಶಾಲೆಗೆ ಕಳಿಸಿದರು. ಓದಿದ್ದರಿಂದಲೇ ಕಣ್ಣು ಹೋದವರ ಕತೆ ಇದು. ಅಕ್ಷರ ನಮಗೆ ಬೇಕೇ ಬೇಕು, ಅದಕ್ಕಾಗಿ ನಮ್ಮ ಹಿರಿಯರು ಬೆನ್ನು ಮುರಿದುಕೊಂಡಿದ್ದಾರೆ. ಆದರೆ ಆ ಅಕ್ಷರದ ಜೊತೆ ಯಾರ ಪಾಠ ಒಳಗೆ ಬರುತ್ತದೆ ಅಂತ ನೋಡಿಕೊಳ್ಳದಿದ್ದರೆ ಹೇಗೆ?

ಕಾಂಟೊರೆಕ್ ಕಲ್ಪನೆಯ ಪಾತ್ರ. ಆದರೆ 1914ರ ಜರ್ಮನಿಯಲ್ಲಿ ನಿಜವಾದ ಕಾಂಟೊರೆಕ್‌ಗಳಿಗೆ ಬರ ಇರಲಿಲ್ಲ. ಆ ವರ್ಷದ ಅಕ್ಟೋಬರ್ 4ರಂದು 93 ಮಂದಿ ಪ್ರೊಫೆಸರರು, ವಿಜ್ಞಾನಿಗಳು, ಸಾಹಿತಿಗಳು, ಕಲಾವಿದರು ಸೇರಿ ಒಂದು ಹೇಳಿಕೆ ಹೊರಡಿಸಿದರು. ಯುದ್ಧ ತಂದದ್ದು ಜರ್ಮನಿ ಅಲ್ಲ, ಬೆಲ್ಜಿಯಂನಲ್ಲಿ ಅನ್ಯಾಯ ನಡೆದಿಲ್ಲ, ಸೈನ್ಯ ಇಲ್ಲದಿದ್ದರೆ ಜರ್ಮನ್ ಸಂಸ್ಕೃತಿಯೇ ಇಲ್ಲ ಅಂತ ಅದರ ತಾತ್ಪರ್ಯ. ಸಹಿ ಮಾಡಿದವರಲ್ಲಿ ಭೌತವಿಜ್ಞಾನಿ ಮ್ಯಾಕ್ಸ್ ಪ್ಲಾಂಕ್ ಇದ್ದ, ಕ್ಷಕಿರಣ ಕಂಡುಹಿಡಿದ ರಾಂಟ್ಜನ್ ಇದ್ದ. ರಸಾಯನಶಾಸ್ತ್ರಜ್ಞ ಫ್ರಿಟ್ಜ್ ಹೇಬರ್ ಇದ್ದ; 1915ರ ಏಪ್ರಿಲ್ 22ರಂದು ಈಪ್ರ್ ಬಳಿ ಕ್ಲೋರಿನ್ ವಿಷಗಾಳಿ ಬಿಡಿಸುವ ಕೆಲಸ ಮುಂದೆ ನಿಂತು ಮಾಡಿಸಿದವನು ಇವನೇ. ಇವರೆಲ್ಲ ಹಾಗಿರಲಿ. ಆ ಪಟ್ಟಿಯಲ್ಲಿ ಗೆರ್ಹಾರ್ಟ್ ಹಾಪ್ಟ್‌ಮನ್ ಕೂಡ ಇದ್ದ. ಈ ಹಾಪ್ಟ್‌ಮನ್ 1892ರಲ್ಲಿ ‘ನೇಕಾರರು’ ಅನ್ನುವ ನಾಟಕ ಬರೆದವನು. ಸೈಲೀಷಿಯಾದ ನೇಕಾರರು ಹೊಟ್ಟೆಗಿಲ್ಲದೆ 1844ರಲ್ಲಿ ದಂಗೆಯೆದ್ದ ಕತೆ ಅದು. ಅದರ ಬಹಿರಂಗ ಪ್ರದರ್ಶನವನ್ನು ಪೊಲೀಸರು ತಡೆದಿದ್ದರು. ನೇಕಾರನ ಹಸಿವನ್ನು ರಂಗಕ್ಕೆ ತಂದ ಕೈಯೇ ಇಪ್ಪತ್ತೆರಡು ವರ್ಷದ ಮೇಲೆ ನೇಕಾರನ ಮಗನನ್ನು ಸಾಯಲು ಕಳಿಸುವ ಕಾಗದಕ್ಕೆ ರುಜು ಹಾಕಿತು. ಬಂಡಾಯದ ಸಾಹಿತಿಗಳು ಅಂತ ಹೇಳಿಕೊಳ್ಳುವ ನಾವು ಈ ರುಜುವನ್ನು ಸ್ವಲ್ಪ ಹೊತ್ತು ದಿಟ್ಟಿಸಿ ನೋಡಬೇಕು. ಹಿಂದೆ ಒಂದು ಒಳ್ಳೆ ನಾಟಕ ಬರೆದಿದ್ದೇನೆ ಅನ್ನುವುದು ಮುಂದಕ್ಕೆ ಜಾಮೀನು ಅಲ್ಲ.

ಇಷ್ಟಾದರೆ ಸಿದ್ಧಾಂತದ ಮಾತಾಯಿತು. ಇದರ ಹಿಂದಿನ ಗರಜು ಯಾವುದು? ಪಾಲ್ ರಜೆಗೆ ಊರಿಗೆ ಬಂದಾಗ ಅವನನ್ನು ಊರ ದೊಡ್ಡ ಮನುಷ್ಯರು ಬಿಯರ್ ಅಂಗಡಿಯಲ್ಲಿ ಮೇಜಿನ ಸುತ್ತ ಕೂರಿಸಿಕೊಳ್ಳುತ್ತಾರೆ. ಸಿಗಾರು ಕೊಡುತ್ತಾರೆ. ಅಲ್ಲಿ ಮತ್ತೊಬ್ಬ ಮೇಷ್ಟ್ರು, ಹೆಡ್ಮಾಸ್ತರು, ಜೇಬಿನ ಗಡಿಯಾರದ ಸರಪಳಿ ಹೊಳೆಯಿಸುತ್ತ ಕೂತಿದ್ದಾನೆ. ಯುದ್ಧ ಗೆದ್ದ ಮೇಲೆ ಜರ್ಮನಿಗೆ ಏನೇನು ಬರಬೇಕು ಅಂತ ಲೆಕ್ಕ ಹಾಕುತ್ತಾನೆ. ಬೆಲ್ಜಿಯಂ ಪೂರ್ತಿ, ಫ್ರಾನ್ಸಿನ ಕಲ್ಲಿದ್ದಲ ಸೀಮೆ, ರಷ್ಯಾದಲ್ಲಿ ಒಂದು ತುಂಡು. ಪಾಲ್‌ಗೆ ಬೇಸರವಾಗುತ್ತದೆ, ಎದ್ದು ಹೋಗುತ್ತಾನೆ. ರೆಮಾರ್ಕ್ ಕೂಡ ಎದ್ದು ಹೋಗುತ್ತಾನೆ. ಅಲ್ಲಿಗೆ ಆ ವಿಷಯ ಮುಗಿಯಿತು. ಇಡೀ ಯುದ್ಧದ ಕ್ರಯಪತ್ರವನ್ನು ಒಂದೆರಡು ಸಾಲಿನಲ್ಲಿ ಕುಡುಕರ ಹರಟೆಯ ಹಾಗೆ ಬರೆದು ಅವನು ಮುಂದಿನ ಪುಟಕ್ಕೆ ನಡೆದುಬಿಟ್ಟ.

ಆ ಹರಟೆ ಹರಟೆಯಾಗಿರಲಿಲ್ಲ. 1914ರ ಸೆಪ್ಟೆಂಬರ್ 9ರಂದು, ಯುದ್ಧ ಶುರುವಾಗಿ ಆರು ವಾರ ಕಳೆಯುವ ಮುಂಚೆ, ಜರ್ಮನಿಯ ಚಾನ್ಸಲರ್ ಬೆಟ್‌ಮನ್ ಹೋಲ್‌ವೆಗ್‌ನ ಕಚೇರಿಯಲ್ಲಿ ಒಂದು ಟಿಪ್ಪಣಿ ತಯಾರಾಯಿತು. ಫ್ರಾನ್ಸಿನ ಬ್ರಿಯೇ ಕಬ್ಬಿಣದ ಅದಿರಿನ ಪ್ರದೇಶ ಜರ್ಮನಿಗೆ ಸೇರಬೇಕು, ಬೆಲ್ಜಿಯಂ ಹೆಸರಿಗೆ ದೇಶವಾಗಿ ಉಳಿದರೂ ಜರ್ಮನಿಯ ಅಡಿಯಾಳಾಗಿರಬೇಕು, ರಷ್ಯಾವನ್ನು ಜರ್ಮನ್ ಗಡಿಯಿಂದ ದೂರ ತಳ್ಳಬೇಕು, ಮಧ್ಯ ಯುರೋಪೆಲ್ಲ ಜರ್ಮನ್ ಸರಕಿಗೆ ಮಾರುಕಟ್ಟೆಯಾಗಬೇಕು, ಮಧ್ಯ ಆಫ್ರಿಕಾದಲ್ಲಿ ಒಟ್ಟಾದ ದೊಡ್ಡ ವಸಾಹತು ಬೇಕು. ಈ ಕಾಗದವನ್ನು ಹ್ಯಾಂಬರ್ಗಿನ ಇತಿಹಾಸಕಾರ ಫ್ರಿಟ್ಜ್ ಫಿಶರ್ 1961ರ ತನ್ನ ಪುಸ್ತಕದಲ್ಲಿ ಬಯಲಿಗಿಟ್ಟ. ಜರ್ಮನಿ ತನ್ನ ರಕ್ಷಣೆಗಾಗಿ ಮಾತ್ರ ಹೋರಾಡಿತು ಅಂತ ನಂಬಿಕೊಂಡಿದ್ದ ದೇಶ ಬೆಂಕಿಯಾಯಿತು. 1964ರಲ್ಲಿ ಅವನು ಅಮೆರಿಕಕ್ಕೆ ಉಪನ್ಯಾಸಕ್ಕೆ ಹೊರಟಾಗ ಪಶ್ಚಿಮ ಜರ್ಮನಿ ಸರ್ಕಾರ ಕೊಡಬೇಕಾಗಿದ್ದ ಹಣ ಹಿಂದಕ್ಕೆ ಪಡೆಯಿತು. ಈ ಟಿಪ್ಪಣಿ ಯುದ್ಧ ಶುರುವಾದ ಮೇಲೆ ಹುಟ್ಟಿದ ಆಸೆಯೋ, ಯುದ್ಧವನ್ನೇ ಹುಟ್ಟಿಸಿದ ಆಸೆಯೋ ಅಂತ ಇತಿಹಾಸಕಾರರು ಜಗಳ ಆಡುತ್ತಾ ಬಂದಿದ್ದಾರೆ, ಆಡಲಿ. ಜಮೀನು ನುಂಗುವ ಗೌಡ ಜಗಳ ಶುರುವಾಗುವ ಮೊದಲೇ ಹದ್ದುಬಸ್ತು ಅಳೆದಿದ್ದನೋ, ಆಮೇಲೆ ಅಳೆದನೋ? ಅದಿರು ಇರುವ ಕಡೆಗೇ ಅವನ ಕಲ್ಲು ಸರಿದದ್ದಂತೂ ಕಾಗದದಲ್ಲಿದೆ.

ಇದು ಜರ್ಮನಿಯೊಂದರ ಪಾಪ ಅಂತ ಬ್ರಿಟಿಷರ ಪಠ್ಯಪುಸ್ತಕದ ಹಾಗೆ ಹೇಳುವುದಕ್ಕೆ ನನಗೆ ಇಷ್ಟವಿಲ್ಲ. ಬ್ರಿಟನ್ ಆಗಲೇ ಹೊಟ್ಟೆ ತುಂಬಿದ ಕಳ್ಳ, ಜರ್ಮನಿ ತಡವಾಗಿ ಬಂದ ಕಳ್ಳ. ಯುದ್ಧದ ನಡುವೆಯೇ, 1916ರಲ್ಲಿ, ಬ್ರಿಟನ್ನೂ ಫ್ರಾನ್ಸೂ ತುರ್ಕರ ಅರಬ್ ಪ್ರಾಂತ್ಯಗಳನ್ನು ನಕ್ಷೆಯ ಮೇಲೆ ಗೆರೆ ಎಳೆದು ಗುಟ್ಟಾಗಿ ಹಂಚಿಕೊಂಡವು. ಇನ್ನು ಫಿರಂಗಿ ಕಂಪೆನಿಗಳ ವಿಚಾರ ಕೇಳಿ. ಜರ್ಮನಿಯ ಕ್ರುಪ್ ಕಂಪೆನಿ ಯುದ್ಧಕ್ಕೆ ಮುಂಚೆಯೇ ಸಿಡಿಗುಂಡಿನ ಫ್ಯೂಸಿನ ಪೇಟೆಂಟನ್ನು ಇಂಗ್ಲೆಂಡಿನ ವಿಕರ್ಸ್ ಕಂಪೆನಿಗೆ ಬಳಸಲು ಕೊಟ್ಟಿತ್ತು. ಜರ್ಮನ್ ಹುಡುಗರ ಮೇಲೆ ಬಿದ್ದ ಇಂಗ್ಲಿಷ್ ಸಿಡಿಗುಂಡುಗಳಲ್ಲಿ ಆ ಫ್ಯೂಸು ಇತ್ತು. ಯುದ್ಧ ಮುಗಿದ ಮೇಲೆ ಕ್ರುಪ್ ತನ್ನ ರಾಯಧನ ಕೊಡಿ ಅಂತ ವಿಕರ್ಸ್ ಮೇಲೆ ದಾವಾ ಹೂಡಿತು. 1926ರಲ್ಲಿ ರಾಜಿಯಾಗಿ ದುಡ್ಡೂ ಸಿಕ್ಕಿತು. ಪಿತೃಭೂಮಿ ಅನ್ನುವ ಮಾತು ಈ ಲೆಕ್ಕದ ಪುಸ್ತಕದಲ್ಲಿ ಯಾವ ಪುಟದಲ್ಲಿತ್ತೋ!

ಇನ್ನೊಂದು ಗರಜು ಮನೆಯೊಳಗಿನದು. ಪ್ರಷ್ಯಾದಲ್ಲಿ ಮತದಾರರನ್ನು ಅವರು ಕಟ್ಟುವ ಕಂದಾಯದ ಮೇಲೆ ಮೂರು ವರ್ಗ ಮಾಡಿದ್ದರು. 1908ರಲ್ಲಿ ಮೇಲಿನ ವರ್ಗದಲ್ಲಿ ಇದ್ದವರು ನೂರಕ್ಕೆ ನಾಲ್ಕು ಮಂದಿ, ಕೆಳಗಿನದರಲ್ಲಿ ಎಂಬತ್ತಕ್ಕೂ ಹೆಚ್ಚು. ಎರಡು ವರ್ಗಕ್ಕೂ ತೂಕ ಒಂದೇ. ಈ ಏರ್ಪಾಟನ್ನು ಓದಿದಾಗ ನನಗೇನೂ ಪರದೇಶದ್ದು ಅನ್ನಿಸಲಿಲ್ಲ. ಆದರೆ ಇಡೀ ಜರ್ಮನಿಯ ಪಾರ್ಲಿಮೆಂಟಿಗೆ ಗಂಡಸರೆಲ್ಲರಿಗೂ ಸಮನಾದ ಮತ ಇತ್ತು. 1912ರ ಚುನಾವಣೆಯಲ್ಲಿ ಕೂಲಿಕಾರರ ಪಕ್ಷವಾದ ಸೋಷಿಯಲ್ ಡೆಮಾಕ್ರಟಿಕ್ ಪಕ್ಷ 110 ಸ್ಥಾನ ಗೆದ್ದು ಎಲ್ಲಕ್ಕಿಂತ ದೊಡ್ಡ ಪಕ್ಷವಾಯಿತು. ಜಮೀನ್ದಾರರಿಗೂ ಕಾರ್ಖಾನೆ ಒಡೆಯರಿಗೂ ಎದೆ ನಡುಗಿತು. ಹೊರಗಿನ ಶತ್ರು ಬಂದರೆ ಒಳಗಿನ ಜಗಳ ನಿಲ್ಲುತ್ತದೆ ಅನ್ನುವ ಎಣಿಕೆ ಅವರಲ್ಲಿ ಕೆಲವರಿಗಾದರೂ ಇತ್ತು. ಎಣಿಕೆ ಫಲಿಸಿತು. ಜುಲೈ ಕೊನೆಯಲ್ಲಿ ಬೀದಿಗಿಳಿದು ಯುದ್ಧ ಬೇಡ ಅಂತ ಕೂಗಿದ್ದ ಅದೇ ಪಕ್ಷ ಆಗಸ್ಟ್ 4ರಂದು ಯುದ್ಧದ ಸಾಲಕ್ಕೆ ಒಟ್ಟಾಗಿ ಕೈ ಎತ್ತಿತು. ತ್ಸಾರನ ರಷ್ಯಾ ಮೇಲೆ ಬೀಳುತ್ತದೆ ಅನ್ನುವ ಹೆದರಿಕೆ, ಪಕ್ಷವನ್ನೂ ಕಾರ್ಮಿಕ ಸಂಘಗಳನ್ನೂ ಸರ್ಕಾರ ಮುಚ್ಚಿಸುತ್ತದೆ ಅನ್ನುವ ಹೆದರಿಕೆ, ದೇಶದ್ರೋಹಿಗಳು ಅನ್ನಿಸಿಕೊಳ್ಳುವ ಹೆದರಿಕೆ. ಒಳಸಭೆಯಲ್ಲಿ ವಿರೋಧಿಸಿದವರು 14 ಮಂದಿ. ಅವರೂ ಶಿಸ್ತಿಗೆ ಕಟ್ಟುಬಿದ್ದು ಕೈ ಎತ್ತಿದರು. ಡಿಸೆಂಬರ್ 2ರಂದು ಎರಡನೆಯ ಸಾಲದ ಸರದಿ ಬಂದಾಗ ಕಾರ್ಲ್ ಲೀಬ್‌ಕ್ನೆಖ್ಟ್ ಒಬ್ಬನೇ ವಿರೋಧವಾಗಿ ಮತ ಹಾಕಿದ. ಇಡೀ ಸಭೆಯಲ್ಲಿ ಒಬ್ಬ. 1916ರಲ್ಲಿ ಅವನನ್ನು ಜೈಲಿಗೆ ಹಾಕಿದರು. 1919ರ ಜನವರಿ 15ರಂದು ರೋಸಾ ಲಕ್ಸೆಂಬರ್ಗಳ ಜೊತೆ ಅವನನ್ನೂ ಕೊಂದರು.

ರೆಮಾರ್ಕನ ಕಾದಂಬರಿಯಲ್ಲಿ ಈ ಲೀಬ್‌ಕ್ನೆಖ್ಟ್ ಇಲ್ಲ, ಕ್ರುಪ್ ಇಲ್ಲ. ಅದು ಸಣ್ಣ ಸಿಪಾಯಿಯ ಕಣ್ಣಿನಿಂದ ಬರೆದದ್ದು, ಅವನಿಗೆ ಕಾಣುವಷ್ಟೇ ಕಾಣುತ್ತದೆ ಅನ್ನಬಹುದು. ಒಪ್ಪೋಣ. ಆದರೆ ಸಿಪಾಯಿಗಳಿಗೆ ಕಾಣುತ್ತಿತ್ತು. ಕೈಸರ್ ಪರಿವೀಕ್ಷಣೆಗೆ ಬರುತ್ತಾನೆ ಅಂತ ಎಲ್ಲರಿಗೂ ಹೊಸ ಬಟ್ಟೆ ಕೊಟ್ಟು, ಅವನು ಹೋದ ಮೇಲೆ ವಾಪಸು ಕಿತ್ತುಕೊಳ್ಳುವ ಒಂದು ಅಧ್ಯಾಯ ಇದೆ. (ಮಂತ್ರಿ ಬರುವ ದಿನ ಹಾಸ್ಟೆಲಿನಲ್ಲಿ ಹೊಸ ಬೆಡ್‌ಶೀಟು ಹಾಸಿ ಮರುದಿನ ಎತ್ತಿಟ್ಟದ್ದನ್ನು ನೋಡಿದವರಿಗೆ ವಿವರಿಸಬೇಕಾಗಿಲ್ಲ.) ಆವತ್ತು ಸಿಪಾಯಿಗಳು ಯುದ್ಧ ಯಾಕೆ ಆಗುತ್ತೆ ಅಂತ ಮಾತಾಡಿಕೊಳ್ಳುತ್ತಾರೆ. ಒಂದು ದೇಶ ಇನ್ನೊಂದನ್ನು ಅವಮಾನಿಸಿದಾಗ ಅಂತ ಒಬ್ಬ ಹೇಳಿದರೆ, ಬೀಗ ರಿಪೇರಿಯ ಟ್ಯಾಡೆನ್ ಕೇಳುತ್ತಾನೆ: ಜರ್ಮನಿಯ ಬೆಟ್ಟ ಫ್ರಾನ್ಸಿನ ಬೆಟ್ಟವನ್ನು ಹೇಗಪ್ಪಾ ಅವಮಾನಿಸುತ್ತೆ? ನನಗಂತೂ ಯಾರೂ ಅವಮಾನ ಮಾಡಿಲ್ಲ, ಹಾಗಾದರೆ ನಾನು ಮನೆಗೆ ಹೋಗಬಹುದಲ್ಲ? ದೇಶ ಬೇರೆ, ಸರ್ಕಾರ ಬೇರೆ ಅನ್ನುವ ಮಾತಿನವರೆಗೂ ಅವರು ಬರುತ್ತಾರೆ. ಯುದ್ಧದಿಂದ ಲಾಭ ಆಗುವವರು ಇದ್ದಾರೆ ಅನ್ನುವವರೆಗೂ ಬರುತ್ತಾರೆ. ಅಷ್ಟರಲ್ಲಿ ಒಬ್ಬ, ಸಾಕು ಬಿಡ್ರೋ, ಮಾತಾಡಿ ಏನು ಪ್ರಯೋಜನ ಅನ್ನುತ್ತಾನೆ, ಮಾತು ನಿಲ್ಲುತ್ತದೆ. ಅಲ್ಲಿ ನಿಂತದ್ದು ಸಿಪಾಯಿಯೋ, ಲೇಖಕನೋ? ಪುಸ್ತಕದ ಮುಂಭಾಗದಲ್ಲೇ ರೆಮಾರ್ಕ್ ತಾನು ಯಾರ ಮೇಲೂ ದೂರು ಹೇಳುತ್ತಿಲ್ಲ ಅಂತ ಒಪ್ಪಂದ ಮಾಡಿಕೊಂಡುಬಿಟ್ಟಿದ್ದಾನೆ. ಯಾಕೆ ಹೇಳಬಾರದು? ದೂರು ಹೇಳುವುದು ಸಾಹಿತ್ಯಕ್ಕೆ ಕಮ್ಮಿ ಅಂತ ಯಾರು ಹೇಳಿಕೊಟ್ಟರು? ದೂರಿನಿಂದಲೇ ನಮ್ಮ ಸಾಹಿತ್ಯ ಶುರುವಾದದ್ದು.

ಕೊನೆಗೆ ಅವನ ಕೈಗೆ ಸಿಕ್ಕಿಬಿದ್ದವನು ಕಾಂಟೊರೆಕ್ ಮಾತ್ರ. ಯುದ್ಧ ಮುಂದುವರಿದು ವಯಸ್ಸಾದವರನ್ನೂ ಭರ್ತಿ ಮಾಡಿಕೊಂಡಾಗ ಆ ಮೇಷ್ಟ್ರಿಗೂ ಅಳತೆಗೆ ಸಿಗದ ಸಮವಸ್ತ್ರ ತೊಡಿಸುತ್ತಾರೆ, ಅವನ ಹಳೆಯ ಶಿಷ್ಯನೊಬ್ಬ ಅವನನ್ನು ಡ್ರಿಲ್ಲಿನಲ್ಲಿ ಕುಪ್ಪಳಿಸಿ ಕುಣಿಸುತ್ತಾನೆ. ಓದುವಾಗ ನಗು ಬರುತ್ತದೆ, ಸಮಾಧಾನವೂ ಆಗುತ್ತದೆ. ಆದರೆ ಶಾನುಭೋಗನನ್ನು ಹೊಡೆದು ಜಮೀನ್ದಾರನನ್ನು ಬಿಟ್ಟ ಸಮಾಧಾನ ಅದು.

ಈಗ ಹೈಯೆ ವೆಸ್ಟ್‌ಹುಸ್‌ನ ಕಡೆಗೆ ಬರುತ್ತೇನೆ. ಈ ಪುಸ್ತಕದಲ್ಲಿ ನಮ್ಮವನು ಅಂತ ಯಾರಾದರೂ ಇದ್ದರೆ ಅವನು. ಜೌಗು ನೆಲದಲ್ಲಿ ಕಪ್ಪು ಮಣ್ಣಿನ ಹೆಂಟೆ ಕಡಿದು, ಒಣಗಿಸಿ, ಉರುವಲಿಗೆ ಮಾರುವ ಕೆಲಸದ ಕೂಲಿ. ಅವನ ಅಂಗೈ ಎಷ್ಟು ದೊಡ್ಡದೆಂದರೆ ಇಡೀ ಬ್ರೆಡ್ಡು ಮುಷ್ಟಿಯಲ್ಲಿ ಮುಚ್ಚಿಹೋಗುತ್ತದೆ. ಯುದ್ಧ ನಿಂತರೆ ಏನು ಮಾಡ್ತೀರಿ ಅಂತ ಮಾತು ಬರುತ್ತದೆ. ರೈತ ಡೆಟರಿಂಗ್ ಕುಯ್ಲಿಗೆ ಓಡುತ್ತೇನೆ ಅನ್ನುತ್ತಾನೆ. ಓದಿದ ಹುಡುಗರಿಗೆ ಏನು ಹೇಳಬೇಕೋ ತೋಚುವುದಿಲ್ಲ. ಹೈಯೆ ಮಾತ್ರ, ಮೊದಲು ಒಂದು ಹೆಣ್ಣು ಅಂತ ನಗಿಸಿ, ಆಮೇಲೆ ನಿಜ ಹೇಳುತ್ತಾನೆ: ನಾನು ಸೈನ್ಯದಲ್ಲೇ ಉಳಿಯುತ್ತೇನೆ. ಮಿಕ್ಕವರು, ನಿನಗೇನು ಹುಚ್ಚೇ ಅಂತಾರೆ. ನೀವು ಎಂದಾದರೂ ಆ ಜೌಗಿನಲ್ಲಿ ಮಣ್ಣು ಕಡಿದಿದ್ದೀರಾ ಅಂತ ಅವನು ತಿರುಗಿ ಕೇಳುತ್ತಾನೆ. ಶಾಂತಿಕಾಲದ ಸೈನ್ಯದಲ್ಲಿ ದಿನಾ ಊಟ, ಹಾಸಿಗೆ, ಒಗೆದ ಬಟ್ಟೆ, ಸಂಜೆ ಬಿಡುವು. ಹನ್ನೆರಡು ವರ್ಷ ಮುಗಿಸಿದರೆ ಪಿಂಚಣಿ, ಹಳ್ಳಿಯಲ್ಲಿ ಪೊಲೀಸ್ ಕೆಲಸ. ಅವನ ಕನಸು ಇಷ್ಟೇ. ಮುಂದೆ ಒಂದು ದಿನ ಬೆನ್ನು ಸೀಳಿಹೋಗಿ, ಉಸಿರಾಡಿದಾಗೆಲ್ಲ ಶ್ವಾಸಕೋಶ ಮಿಡಿಯುವುದು ಕಾಣುವಂಥ ಗಾಯವಾಗಿ, ಸಾಯುತ್ತಾನೆ.

ಕಾಂಟೊರೆಕ್‌ನ ಭಾಷಣ ಹೈಯೆಯನ್ನು ಮುಟ್ಟಲೇ ಇಲ್ಲ. ಪಿತೃಭೂಮಿ ಅವನಿಗೆ ಬೇಕಿರಲಿಲ್ಲ. ಅವನನ್ನು ಯುದ್ಧದಲ್ಲಿ ಉಳಿಸಿಕೊಂಡದ್ದು ಶಾಂತಿಕಾಲದ ಜೌಗು. ಸಿದ್ಧಾಂತ ಬೇಕಾಗುವುದು ಹೊಟ್ಟೆ ತುಂಬಿದ ಮನೆಯ ಹುಡುಗರನ್ನು ಸಾಯಲು ಒಪ್ಪಿಸುವುದಕ್ಕೆ. ಬಡವನಿಗೆ ಅನ್ನ ತೋರಿಸಿದರೆ ಸಾಕು. ನಮ್ಮ ಹಳಗನ್ನಡದಲ್ಲಿ ಇದಕ್ಕೊಂದು ಮಾತಿದೆ, ಜೋಳವಾಳಿ. ಜೋಳ ಹಾಕಿದ ಒಡೆಯನಿಗೆ ಜೀವ ಕೊಟ್ಟು ಋಣ ತೀರಿಸುವ ಕಟ್ಟುಪಾಡು. ಪಂಪನ ಕರ್ಣನನ್ನು ಓದಿಸುವಾಗ ಮೇಷ್ಟ್ರು ಇದನ್ನು ನಿಷ್ಠೆ, ಸ್ವಾಮಿಭಕ್ತಿ ಅಂತ ಹೊಗಳುತ್ತಾರೆ. ಊರಾಚೆ ನೆಟ್ಟ ವೀರಗಲ್ಲನ್ನು ನೋಡಿ: ಕೆಳಗಿನ ಪಟ್ಟಿಯಲ್ಲಿ ಕತ್ತಿ ಬಿಲ್ಲು, ನಡುವಿನದರಲ್ಲಿ ಅಪ್ಸರೆಯರು ಅವನನ್ನು ಎತ್ತಿಕೊಂಡು ಹೋಗುವುದು, ಮೇಲಿನದರಲ್ಲಿ ಕೈಲಾಸ. ತುರುಗಳ್ಳರ ಹಿಂದೆ ಓಡಿ ಸತ್ತವನಿಗೆ ಅಪ್ಸರೆಯರು. ಸತ್ತವನ ಮನೆಯವರಿಗೆ ಕೆಲವೊಮ್ಮೆ ನೆತ್ತರುಗೊಡಗೆ ಅಂತ ಒಂದಿಷ್ಟು ಭೂಮಿ. ಆ ಭೂಮಿಯನ್ನು ಅವನು ಬದುಕಿದ್ದಾಗಲೇ ಕೊಟ್ಟಿದ್ದರೆ ಓಡುತ್ತಿದ್ದನೇ ಅಂತ ಯಾವ ಶಾಸನವೂ ಹೇಳುವುದಿಲ್ಲ.

ಪಾಲ್ ಕಾದಾಡಿದ ಅದೇ ಯುದ್ಧಕ್ಕೆ ಇಂಡಿಯಾದಿಂದ 13 ಲಕ್ಷಕ್ಕೂ ಹೆಚ್ಚು ಜನ ಹೋದರು. ಸಿಪಾಯಿಗಳು, ಜೊತೆಗೆ ನೀರು ಹೊರುವವರು, ಕಸ ಗುಡಿಸುವವರು, ಹೇಸರಗತ್ತೆ ಹೊಡೆಯುವವರು. ಸುಮಾರು 74,000 ಮಂದಿ ಸತ್ತರು. 1914ರ ಕೊನೆಗೆ ಅವರು ಫ್ರಾನ್ಸಿನ ಕಂದಕಗಳಲ್ಲೇ ಇದ್ದರು. ಪಾಲ್ ಬರುವ ಹೊತ್ತಿಗೆ ಅವರ ಕಾಲಾಳುಗಳಲ್ಲಿ ಬಹುಪಾಲನ್ನು ಮೆಸಪೊಟೇಮಿಯಾದ ಮರಳಿಗೆ ಸಾಗಿಸಿದ್ದರು. ಮೈಸೂರು ಮಹಾರಾಜರು ಯುದ್ಧನಿಧಿಗೆ 50 ಲಕ್ಷ ರೂಪಾಯಿ ಕೊಟ್ಟರು. ಮೈಸೂರು ಲ್ಯಾನ್ಸರ್ಸ್ ಕುದುರೆ ದಳ 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣ ಹಿಡಿಯುವುದರಲ್ಲಿ ಇತ್ತು. ದಿಲ್ಲಿಯ ತೀನ್ ಮೂರ್ತಿಯಲ್ಲಿ ಒಂದು ಮೂರ್ತಿ ಅವರದು, 2018ರಲ್ಲಿ ಆ ಚೌಕಕ್ಕೆ ಹೈಫಾದ ಹೆಸರನ್ನೂ ಸೇರಿಸಿದರು. ತುರ್ಕರ ಜೊತೆ ಮೈಸೂರಿನ ರೈತನಿಗೆ ಯಾವ ಬದುವಿನ ಜಗಳ ಇತ್ತೋ ಯಾರೂ ಕೇಳಲಿಲ್ಲ. ಯುದ್ಧ ಮುಗಿದು ವರ್ಷ ತುಂಬುವುದರೊಳಗೆ, 1919ರ ಏಪ್ರಿಲ್ 13ರಂದು, ಅತಿ ಹೆಚ್ಚು ಸಿಪಾಯಿಗಳನ್ನು ಕೊಟ್ಟ ಪಂಜಾಬಿಗೆ ಜಲಿಯನ್‌ವಾಲಾ ಬಾಗಿನಲ್ಲಿ ಬಹುಮಾನ ಕೊಟ್ಟರು.

ಇದರೊಳಗೆ ನಮಗೆ ಸೇರಿದ ಒಂದು ಕತೆ ಇದೆ. ಈಸ್ಟ್ ಇಂಡಿಯಾ ಕಂಪೆನಿಯ ಕಾಲದಿಂದ ಮಹಾರರು ಬೊಂಬಾಯಿ ಸೈನ್ಯದಲ್ಲಿದ್ದವರು. 1890ರ ದಶಕದ ಮೊದಲಲ್ಲಿ ಬ್ರಿಟಿಷರಿಗೆ ಒಂದು ಹೊಸ ಸಿದ್ಧಾಂತ ಹುಟ್ಟಿತು. ಕೆಲವು ಜಾತಿಗಳಿಗೆ ಮಾತ್ರ ಯುದ್ಧದ ರಕ್ತ ಇದೆ, ಮಿಕ್ಕವರಿಗೆ ಇಲ್ಲ ಅಂತ. ಮನುವಿನ ಮಾತಿಗೆ ಇಂಗ್ಲಿಷ್ ಕೋಟು ತೊಡಿಸಿದ್ದು. ಮಹಾರರ ಭರ್ತಿ ನಿಂತುಹೋಯಿತು. ನಿವೃತ್ತ ಸೈನಿಕ ಗೋಪಾಲಬಾಬಾ ವಲಂಗಕರ್ 1894ರಲ್ಲಿ ಅರ್ಜಿ ಬರೆದರು. 1910ರಲ್ಲಿ ಶಿವರಾಮ ಜಾನಬಾ ಕಾಂಬಳೆ ಮತ್ತೆ ಬರೆದರು. ಉತ್ತರವಿಲ್ಲ. 1917ರಲ್ಲಿ ಯುದ್ಧಕ್ಕೆ ಗಂಡಸರು ಸಾಲದಾದರು; ರಾತ್ರೋರಾತ್ರಿ ಮಹಾರನ ರಕ್ತದಲ್ಲಿ ಶೌರ್ಯ ಉಕ್ಕಿತು, 111ನೇ ಮಹಾರ್ ಪಡೆ ಹುಟ್ಟಿತು. ಯುದ್ಧ ಮುಗಿಯಿತು, 1921ಕ್ಕೆ ಪಡೆ ವಿಸರ್ಜನೆ, ರಕ್ತ ಮತ್ತೆ ತಣ್ಣಗಾಯಿತು. ಗರಜು ಎಲ್ಲಿಗೆ ಹೋದರೆ ಸಿದ್ಧಾಂತ ಅದರ ಹಿಂದೆ ಹೇಗೆ ನಡೆಯುತ್ತದೆ ಅಂತ ತೋರಿಸುವುದಕ್ಕೆ ಇದಕ್ಕಿಂತ ಸ್ಪಷ್ಟ ಲೆಕ್ಕ ನನಗೆ ಬೇರೆ ಸಿಕ್ಕಿಲ್ಲ.

ಆದರೆ ಆ ಅರ್ಜಿ ಬರೆದವರನ್ನು ಯುದ್ಧಕೋರರು ಅಂತ ನಾನು ಕರೆಯಲಾರೆ. ಬಾಬಾಸಾಹೇಬರ ತಂದೆ ಸುಬೇದಾರ್ ರಾಮಜಿ ಸೈನ್ಯದ ಶಾಲೆಯಲ್ಲಿ ಮೇಷ್ಟ್ರಾಗಿದ್ದವರು. ಆ ಸೈನ್ಯ ಇಲ್ಲದಿದ್ದರೆ ಆ ಮನೆಗೆ ಅಕ್ಷರ ಯಾವ ಬಾಗಿಲಿನಿಂದ ಬರುತ್ತಿತ್ತು? ಊರಿನ ಶಾಲೆ ಹೊರಗೆ ನಿಲ್ಲಿಸಿತು, ಸೈನ್ಯದ ಶಾಲೆ ಒಳಗೆ ಕರೆಯಿತು. ಎರಡನೆಯ ಮಹಾಯುದ್ಧ ಬಂದಾಗ ಬಾಬಾಸಾಹೇಬರೇ ಒತ್ತಾಯ ಮಾಡಿದರು, 1941ರ ಅಕ್ಟೋಬರಿನಲ್ಲಿ ಮಹಾರ್ ರೆಜಿಮೆಂಟು ನಮ್ಮ ಬೆಳಗಾವಿಯಲ್ಲಿ ಕಟ್ಟಲ್ಪಟ್ಟಿತು. ಹಿಟ್ಲರ್ ಗೆದ್ದರೆ ಅಸ್ಪೃಶ್ಯನಿಗೆ ಉಳಿಗಾಲವಿಲ್ಲ ಅನ್ನುವುದೂ ಅವರ ಲೆಕ್ಕದಲ್ಲಿತ್ತು. ಇವತ್ತಿಗೂ ನಮ್ಮ ಕೇರಿಯ ಹುಡುಗ ಬೆಳಗಿನ ಜಾವ ಎದ್ದು ರಸ್ತೆಯ ಮೇಲೆ ಓಡಿ ಭರ್ತಿಗೆ ತಯಾರಾಗುತ್ತಾನೆ. ಅವನಿಗೆ ಯುದ್ಧ ಕೆಟ್ಟದ್ದು ಅಂತ ಭಾಷಣ ಮಾಡುವುದು ಸಂಬಳ ಬರುವ ನನ್ನಂಥವನಿಗೆ ಸುಲಭ. ನೀನು ಎಂದಾದರೂ ಜೌಗಿನಲ್ಲಿ ಮಣ್ಣು ಕಡಿದಿದ್ದೀಯಾ ಅಂತ ಅವನು ಕೇಳಿದರೆ?

ರೆಮಾರ್ಕನ ಪುಸ್ತಕವನ್ನು 1933ರ ಮೇ 10ರಂದು ಬರ್ಲಿನ್ನಿನಲ್ಲಿ ಬೆಂಕಿಗೆ ಹಾಕಿದರು. ಸುಟ್ಟವರು ಗೂಂಡಾಗಳು ಅಂತ ಓದಿ ನಾವು ಸುಮ್ಮನಾಗುತ್ತೇವೆ. ಆ ಸುಡುವಿಕೆಯನ್ನು ಊರೂರಲ್ಲಿ ಏರ್ಪಾಡು ಮಾಡಿದ್ದು ವಿದ್ಯಾರ್ಥಿಗಳ ಸಂಘ. ಪ್ರೊಫೆಸರರು ನಿಲುವಂಗಿ ತೊಟ್ಟು ಜೊತೆಗೆ ನಿಂತಿದ್ದರು. ಕಾಂಟೊರೆಕ್‌ನ ಕ್ಲಾಸು ಮತ್ತೆ ತುಂಬಿತ್ತು. 1938ರಲ್ಲಿ ರೆಮಾರ್ಕ್‌ನ ಪೌರತ್ವ ಕಿತ್ತುಕೊಂಡರು, ಅವನು ಹೊರದೇಶದಲ್ಲಿದ್ದು ಬದುಕಿಕೊಂಡ. ಒಳಗೆ ಉಳಿದಿದ್ದ ಅವನ ತಂಗಿ ಎಲ್‌ಫ್ರೀಡ, ಡ್ರೆಸ್ಡೆನ್ನಿನಲ್ಲಿ ಬಟ್ಟೆ ಹೊಲಿದು ಜೀವನ ಮಾಡುತ್ತಿದ್ದವಳು, ಯುದ್ಧ ಸೋತ ಹಾಗೆಯೇ ಅಂತ ಆಡಿದ ಮಾತಿಗೆ 1943ರ ಡಿಸೆಂಬರಿನಲ್ಲಿ ತಲೆ ಕಡಿಸಿಕೊಂಡಳು. ಅದರ ಖರ್ಚಿನ ಬಿಲ್ಲನ್ನು ಇನ್ನೊಬ್ಬ ಸೋದರಿಗೆ ಕಳಿಸಿದರು.

ಹೈಯೆಯ ಪ್ರಶ್ನೆಗೆ ಉತ್ತರ ರೆಮಾರ್ಕ್‌ನಲ್ಲಿ ಇಲ್ಲ. ಅವನಿಗೆ ಯುದ್ಧ ಅಂದರೆ 1914ಕ್ಕೆ ಶುರುವಾಗಿ 1918ಕ್ಕೆ ಮುಗಿದದ್ದು. ಪಾಲ್ ಸಾಯುವುದು 1918ರ ಅಕ್ಟೋಬರಿನ ಒಂದು ನಿಶ್ಶಬ್ದ ದಿನ, ಇನ್ನೇನು ಮುಗಿಯಿತು ಅನ್ನುವಾಗ. ಅವನ ಸಂಕಟವೆಲ್ಲ ಅಲ್ಲಿದೆ. ನನಗೆ ಈ ಕಾದಂಬರಿಯ ಪಕ್ಕದಲ್ಲಿ ಇಟ್ಟು ಓದಬೇಕು ಅನ್ನಿಸಿದ್ದು ಬಾಬಾಸಾಹೇಬರ ‘ಬುದ್ಧ ಮತ್ತು ಅವನ ಧಮ್ಮ’. ಮುದುಕನನ್ನು, ರೋಗಿಯನ್ನು, ಹೆಣವನ್ನು ಕಂಡು ಸಿದ್ಧಾರ್ಥ ಮನೆ ಬಿಟ್ಟ ಅನ್ನುವ ಕತೆಯನ್ನು ಅವರು ಅಲ್ಲಿ ಒಪ್ಪುವುದಿಲ್ಲ. ಅವರು ಹೇಳುವ ಕತೆಯಲ್ಲಿ ರೋಹಿಣಿ ನದಿಯ ನೀರಿಗೆ ಶಾಕ್ಯರ ಆಳುಗಳಿಗೂ ಕೋಲಿಯರ ಆಳುಗಳಿಗೂ ಹೊಡೆದಾಟವಾಗುತ್ತದೆ. ಸೇನಾಪತಿ ಸಂಘದ ಸಭೆ ಕರೆದು ಯುದ್ಧದ ಠರಾವು ತರುತ್ತಾನೆ. ಸಿದ್ಧಾರ್ಥ ಎದ್ದು ನಿಂತು, ಮೊದಲು ತಪ್ಪು ಯಾರದು ಅಂತ ವಿಚಾರಣೆ ಮಾಡೋಣ, ಎರಡೂ ಕಡೆಯವರು ಕೂತು ನೀರಿನ ಜಗಳ ಬಗೆಹರಿಸಲಿ ಅನ್ನುತ್ತಾನೆ. ಮತಕ್ಕೆ ಹಾಕುತ್ತಾರೆ, ಅವನು ಸೋಲುತ್ತಾನೆ. ಇಪ್ಪತ್ತರಿಂದ ಐವತ್ತು ವರ್ಷದ ಗಂಡಸರೆಲ್ಲ ಸೈನ್ಯಕ್ಕೆ ಸೇರಬೇಕು ಅಂತ ಮರುದಿನ ಇನ್ನೊಂದು ಠರಾವು. ಸೇರುವುದಿಲ್ಲ ಅನ್ನುತ್ತಾನೆ. ಅಂಥವನಿಗೆ ಶಿಕ್ಷೆ ಏನು? ನೇಣು ಅಥವಾ ಗಡಿಪಾರು, ಇಲ್ಲದಿದ್ದರೆ ಅವನ ಮನೆಯವರಿಗೆ ಬಹಿಷ್ಕಾರ ಮತ್ತು ಜಮೀನು ಜಪ್ತಿ. ಮನೆಯವರಿಗೆ ತೊಂದರೆ ಬೇಡ ಅಂತ ಅವನು ತಾನೇ ಊರು ಬಿಟ್ಟು ಹೋಗುತ್ತಾನೆ.

ಇಲ್ಲಿವರೆಗೆ ಅವನು ಲೀಬ್‌ಕ್ನೆಖ್ಟ್‌ನ ಹಾಗೆ ಸಭೆಯಲ್ಲಿ ಎದ್ದು ನಿಂತ ಮನುಷ್ಯ. ಆದರೆ ಬಾಬಾಸಾಹೇಬರ ಕತೆ ಇನ್ನೂ ಮುಂದೆ ಹೋಗುತ್ತದೆ. ಸ್ವಲ್ಪ ದಿನಕ್ಕೆ ಪರಿವ್ರಾಜಕರು ಬಂದು ಸುದ್ದಿ ಹೇಳುತ್ತಾರೆ: ಶಾಕ್ಯರಿಗೂ ಕೋಲಿಯರಿಗೂ ರಾಜಿಯಾಯಿತು, ಯುದ್ಧ ಇಲ್ಲ, ನೀನಿನ್ನು ಮನೆಗೆ ಹೋಗಬಹುದು. ಸಿದ್ಧಾರ್ಥ ಕೂತು ಯೋಚಿಸುತ್ತಾನೆ. ದೇಶದೇಶಗಳ ನಡುವಿನ ಯುದ್ಧ ಆಗೊಮ್ಮೆ ಈಗೊಮ್ಮೆ ಬರುತ್ತದೆ, ಹೋಗುತ್ತದೆ. ವರ್ಗವರ್ಗಗಳ ನಡುವೆ ನಡೆಯುವುದು ಮಾತ್ರ ನಿಲ್ಲುವುದಿಲ್ಲ, ಅದಕ್ಕೆ ರಾಜಿ ಆಗಿಲ್ಲ. ಅವನು ಮನೆಗೆ ಹೋಗುವುದಿಲ್ಲ. ಹೈಯೆಯೂ ಶಾಂತಿ ಬಂದರೆ ಮನೆಗೆ ಹೋಗುವುದಿಲ್ಲ ಅಂದಿದ್ದ.